ಕಾಜಲ್ ತಡವಾಗಿ ಉಂಡ ದಿನ

ಮುಂಡಗೋಡದ ನಮ್ಮ ಬಾಲಕಿಯರ ಆಶ್ರಯಧಾಮದಲ್ಲಿ ಹನ್ನೆರಡು ಹುಡುಗಿಯರು. ಅವರಿಗೆ ಅಡಿಗೆ ಮಾಡಿ ಹಾಕುವವಳು ನಾನು, ಮಹಾದೇವಕ್ಕ. ಹನ್ನೊಂದು ವರ್ಷದಲ್ಲಿ ನನ್ನ ಬುಟ್ಟಿಯಲ್ಲಿ ರೊಟ್ಟಿ ಒಂದು ದಿನವೂ ಕಡಿಮೆ ಬಿದ್ದಿರಲಿಲ್ಲ. ಆ ಜಂಬ ನನಗಿತ್ತು, ಯಾಕಿರಬಾರದು?

ಹಳಿಯಾಳದ ತುಳಜಾ ಪ್ರತಿ ಶನಿವಾರ ಬಸ್ಸಿಗೆ ಬಂದು, ಹುಡುಗಿಯರನ್ನು ಸುತ್ತ ಕೂರಿಸಿ, ಉಸಿರಿನ ಮೇಲೆ ಗಮನವಿಡುವುದನ್ನು ಕಲಿಸುತ್ತಿದ್ದಳು. ಮೂಗಿದ್ದವರೆಲ್ಲ ಉಸಿರಾಡುತ್ತಾರೆ, ಅದಕ್ಕೂ ಒಬ್ಬ ಟೀಚರು ಬೇಕೇ ಎಂದು ನಾನು ಗೊಣಗಿದ್ದೆ. ಮೊದಲ ದಿನ ಪಾಠ ಶುರುಮಾಡಲು ಗಂಟೆ ಬೇಕೆಂದಳು. ಊಟಕ್ಕೆ ಬಾರಿಸುವ ಅಡಿಗೆಮನೆಯದನ್ನೇ ಕೊಟ್ಟೆ. ಅವಳು ಟಣ್ ಎನ್ನಿಸಿದ್ದೇ ತಡ, ಕಣ್ಣು ಮುಚ್ಚಿ ಕೂತಿದ್ದ ಹನ್ನೆರಡೂ ಜನ ತಟ್ಟೆ ಹಿಡಿದು ನನ್ನ ಮುಂದೆ ಹಾಜರು! ಇನ್ನೂ ಬೆಳಗಿನ ಹತ್ತು ಗಂಟೆ, ಒಲೆಯನ್ನೇ ಹೊತ್ತಿಸಿರಲಿಲ್ಲ. ತುಳಜಾ ಹೊಟ್ಟೆ ಹಿಡಿದುಕೊಂಡು ನಕ್ಕಳು. ಅವಳು ನನಗೆ ಹಿಡಿಸಿದ್ದು ಆವಾಗಲೇ.

ಆ ಸಾಲಿನಲ್ಲಿ ಎಲ್ಲರಿಗಿಂತ ಮುಂದಿದ್ದವಳು ಕಾಜಲ್. ಹದಿನಾಲ್ಕು ವರ್ಷ. ಮೊದಲು ಅವಳಿದ್ದ ಮನೆಯಲ್ಲಿ ತಡವಾಗಿ ಬಂದವರಿಗೆ ಖಾಲಿ ಪಾತ್ರೆಯೇ ಗತಿಯಂತೆ. ಅದಕ್ಕೇ ಇಲ್ಲಿಯೂ ಸಣ್ಣವರನ್ನು ತಳ್ಳಿಕೊಂಡು ಓಡಿಬರುತ್ತಿದ್ದಳು, ಒಂದು ರೊಟ್ಟಿ ತಿಂದು ಇನ್ನೊಂದನ್ನು ದಿಂಬಿನ ಕೆಳಗೆ ಬಚ್ಚಿಡುತ್ತಿದ್ದಳು.

"ನಿನ್ನ ಪಾಲು ಎಲ್ಲೂ ಹೋಗೂದಿಲ್ಲವ್ವಾ" ಎಂದು ವರ್ಷವಿಡೀ ಹೇಳಿದೆ. ನಂಬಬೇಕಲ್ಲ!

ತುಳಜಾ ಒಂದು ಅಭ್ಯಾಸ ಹಾಕಿಕೊಟ್ಟಳು: ಊಟದ ಗಂಟೆ ಕೇಳಿದ ಮೇಲೆ ಮೂರು ಉಸಿರು, ಆಮೇಲೆ ಏಳುವುದು. ಕಾಜಲ್‌ಗೆ ಒಂದನ್ನೂ ಮುಗಿಸಲಾಗುತ್ತಿರಲಿಲ್ಲ. "ಇರ್ಲಿ ಬಿಡು, ಮುಂದಿನ ವಾರ ನೋಡೂಣು" ಎನ್ನುತ್ತಿದ್ದಳು ತುಳಜಾ.

ಕಳೆದ ಭಾನುವಾರ ಟಿಬೆಟನ್ ಕಾಲೊನಿಯಿಂದ ಆರು ಹುಡುಗಿಯರು ಫುಟ್‌ಬಾಲ್ ಆಡಲು ಬಂದವರು ಊಟಕ್ಕೂ ನಿಂತರು. ಗಂಟೆ ಬಾರಿಸಿದೆ. ಎಲ್ಲರೂ ಬಂದರು, ಕಾಜಲ್ ಮಾತ್ರ ಇಲ್ಲ. ಹಣಿಕಿ ನೋಡಿದರೆ ಜಮಖಾನದ ಮೇಲೆ ಒಬ್ಬಳೇ, ಕಣ್ಣು ಮುಚ್ಚಿ ಕೂತಿದ್ದಾಳೆ. ನನಗಾದ ಸಂತೋಷಕ್ಕೆ ಬಂದವರ ತಟ್ಟೆಗೆಲ್ಲ ಲೆಕ್ಕವಿಲ್ಲದೆ ರೊಟ್ಟಿ ಹಾಕಿದೆ. ಮೂರು ಉಸಿರೆಂದರೆ ಮೂವತ್ತು ಎಳೆದಳೋ ಏನೋ, ಅವಳು ನಿಧಾನ ನಡೆದು ಬಂದು ತಟ್ಟೆ ಒಡ್ಡಿದಾಗ ಬುಟ್ಟಿ ಖಾಲಿ.

ನನ್ನ ಮಾತು ಇವತ್ತೇ ಸುಳ್ಳಾಗಬೇಕೇ? ಇನ್ನು ಈ ಹುಡುಗಿ ಯಾರನ್ನೂ ನಂಬಲಿಕ್ಕಿಲ್ಲ. ಗಡಬಡಿಸಿ ಹಿಟ್ಟು ಸುರಿದೆ, ಬಿಸಿನೀರು ಚೆಲ್ಲಿದೆ.

ಕಾಜಲ್ ಬುಟ್ಟಿಯನ್ನು ನೋಡಿದಳು, ನನ್ನನ್ನು ನೋಡಿದಳು. ತಟ್ಟೆ ಕೆಳಗಿಟ್ಟು ಒಲೆಯ ಪಕ್ಕ ಕೂತಳು.

"ಅವಸರ ಮಾಡಬ್ಯಾಡ್ರಿ ಅಕ್ಕಾ. ಮೊದ್ಲ ನೀವು ಮೂರು ಉಸಿರು ತಗೋರಿ."

ಬೈಯಲು ತೆರೆದ ಬಾಯಿ ಮುಚ್ಚಿ ಉಸಿರು ಎಳೆದುಕೊಂಡೆ. ಹಿಟ್ಟನ್ನು ಮತ್ತೆ ನಾದಿದೆ, ಹದಕ್ಕೆ ಬಂತು. ರೊಟ್ಟಿ ತಟ್ಟಿ ಹಂಚಿಗೆ ಹಾಕಿದೆ, ಚೆನ್ನಾಗಿ ಉಬ್ಬಿತು. ಅವಳು ಊದಿ ಊದಿ ಒಂದು ತುತ್ತು ತಿಂದಳು.

"ದಿನಾ ಕಡೀಕ ಬಂದ್ರ ಹಿಂಗ ಬಿಸೀದು ಸಿಗ್ತೈತೇನ್ರಿ?"

"ಸಿಗ್ತೈತಿ, ಬೆನ್ನಿಗೊಂದು ಗುದ್ದೂ ಸಿಗ್ತೈತಿ" ಎಂದೆ. ಇಬ್ಬರೂ ನಕ್ಕೆವು.

ನಗುತ್ತಲೇ ಅವಳು ಉಳಿದ ರೊಟ್ಟಿಯನ್ನು ಎರಡಾಗಿ ಮುರಿದು, ದೊಡ್ಡ ತುಂಡನ್ನು ನನ್ನ ಕಡೆ ಚಾಚಿದಳು. "ತಗೋರಿ, ನೀವೂ ಇನ್ನಾ ಉಂಡಿಲ್ಲಲ್ರಿ."