ಹದಿನೆಂಟು ತುಂಬುವವರೆಗೆ

ನೋಟರಿಯ ಕೋಣೆಯಿಂದ ಗುಮಾಸ್ತೆ ಮೂರನೆಯ ಸಲ ಇಣುಕಿ ನೋಡಿದಳು. ಗ್ಲೆಬ್ ಏಳಲಿಲ್ಲ. ದೇಶದೊಳಗೆ ಗುರುತಿಗೆಂದು ಎಲ್ಲರಿಗೂ ಕೊಡುವ ಪಾಸ್‌ಪೋರ್ಟನ್ನು ತೊಡೆಯ ಮೇಲಿಟ್ಟುಕೊಂಡು ಅದರ ಮೂಲೆಯನ್ನು ಹೆಬ್ಬೆರಳಿನಿಂದ ತೀಡುತ್ತ ಕೂತೇ ಇದ್ದ. ಎದುರು ಬೆಂಚಿನಲ್ಲಿ ಝಾನ್ನಾ, ಅವನಿಂದ ವಿಚ್ಛೇದನ ಪಡೆದು ನಾಲ್ಕು ವರ್ಷವಾದವಳು, ಸ್ಪೇನಿನ ವೀಸಾಕ್ಕೆಂದು ಕೂಡಿಹಾಕಿದ ಕಾಗದಗಳನ್ನು ಎದೆಗವಚಿಕೊಂಡಿದ್ದಳು. ಅವಳ ಪಕ್ಕದಲ್ಲಿ ಒಂಬತ್ತು ವರ್ಷದ ಮಗಳು ತಾಸ್ಯಾ ಕೋಟಿನ ಗುಂಡಿಗಳನ್ನೂ ಬಿಚ್ಚದೆ ಕಾಲಾಡಿಸುತ್ತಿದ್ದಳು.

ವೋಲ್ಗಾ ದಂಡೆಯ ಸಮಾರಾ ನಗರದಲ್ಲಿ ಹದಿನಾರು ವರ್ಷದಿಂದ ಟ್ರಾಮ್ ಓಡಿಸುತ್ತಿದ್ದ ಗ್ಲೆಬ್ ಈ ಸಹಿಯನ್ನು ಎರಡು ಸಲ ತಪ್ಪಿಸಿದ್ದ. ಒಮ್ಮೆ ಪಾಳಿ ಬದಲಾಯಿತೆಂದ; ಇನ್ನೊಮ್ಮೆ ಫೋನನ್ನೇ ಎತ್ತಲಿಲ್ಲ. ಝಾನ್ನಾ ಅನುವಾದಕಿಯಾಗಿದ್ದ ಕಂಪನಿಯವರು ಯುದ್ಧ ಶುರುವಾದ ವರ್ಷವೇ ಒಬ್ಬೊಬ್ಬರಾಗಿ ಗಂಟುಮೂಟೆ ಕಟ್ಟಿದ್ದರು. ಕೆಲವರು ಬೆಲ್‌ಗ್ರೇಡಿಗೆ, ಕೆಲವರು ಟಿಬಿಲಿಸಿಗೆ, ಎಲ್ಲಿ ಒಳಗೆ ಬಿಟ್ಟರೋ ಅಲ್ಲಿಗೆ. ಉಳಿದಿದ್ದ ಇವಳಿಗೆ ಈಗ ಸ್ಪೇನಿನ ವಲೆನ್ಸಿಯಾದಿಂದ ಕೆಲಸಕ್ಕೆ ಕರೆ ಬಂದಿತ್ತು. ಆದರೆ ತಂದೆಯ ಒಪ್ಪಿಗೆ ಪತ್ರವಿಲ್ಲದೆ ಮಗುವಿಗೆ ವೀಸಾ ಕೊಡುವಂತಿರಲಿಲ್ಲ. ಜಗಳ, ಅಳು, ವಾರಗಟ್ಟಲೆ ಮೌನ ಎಲ್ಲ ಆದ ಮೇಲೆ ಅವನು ಒಂದೇ ಒಂದು ವರ್ಷಕ್ಕೆ ಒಪ್ಪಿದ್ದ. ವರ್ಷ ಕಳೆದರೆ ಮತ್ತೆ ತನ್ನ ಹತ್ತಿರ ಬರಲೇಬೇಕಲ್ಲ, ಅಷ್ಟಾದರೂ ಹಿಡಿತ ಇರಲಿ ಎಂದುಕೊಂಡಿದ್ದ. ಮಗುವಿಗೇ ಇಷ್ಟವಿಲ್ಲ ಎಂದು ಡಿಪೋದಲ್ಲಿ ಎಲ್ಲರಿಗೂ ಹೇಳುತ್ತಿದ್ದ. ಅದು ಸುಳ್ಳೂ ಆಗಿರಲಿಲ್ಲ. ಕೇಳಿದಾಗಲೆಲ್ಲ ತಾಸ್ಯಾ, ನನಗೆ ಇಲ್ಲೇ ಚೆನ್ನಾಗಿದೆ ಎನ್ನುತ್ತಿದ್ದಳು.

ಜನನ ಪತ್ರದ ಇನ್ನೊಂದು ಪ್ರತಿ ಬೇಕೆಂದು ಗುಮಾಸ್ತೆ ಝಾನ್ನಾಳನ್ನು ಒಳಗೆ ಕರೆದಳು. ಬಾಗಿಲು ಮುಚ್ಚಿದ್ದೇ ತಡ, ತಾಸ್ಯಾ ಎದ್ದು ಬಂದು ಅಪ್ಪನ ಪಕ್ಕ ಕೂತಳು.

"ಅಪ್ಪಾ, ನಿಂಗೆ ಬೇಡ ಅಂದ್ರೆ ಸಹಿ ಮಾಡ್ಬೇಡ. ನಾನು ಬರಲ್ಲ ಅಂತ ಅಮ್ಮಂಗೆ ಹೇಳ್ತೀನಿ."

ಆ ದನಿಯಲ್ಲಿದ್ದ ಸಮಾಧಾನ ಗ್ಲೆಬ್‌ಗೆ ಎಲ್ಲೋ ಚುಚ್ಚಿತು. ದೊಡ್ಡವರು ಮಕ್ಕಳಿಗೆ ಹೇಳುವ ಹಾಗಿತ್ತು ಅದು.

"ನಿಂಗೆ ಹೋಗ್ಬೇಕು ಅನ್ಸುತ್ತಾ? ಬೈಯಲ್ಲ ಪುಟ್ಟಿ, ಹೇಳು."

ಅವಳು ತನ್ನ ಬೂಟುಗಳತ್ತ ನೋಡಿದಳು. "ಅನ್ಸುತ್ತೆ. ಆದ್ರೆ ನಿನ್ನ ಮುಂದೆ ಹೇಳ್ಬಾರ್ದು ಅಂತಿದ್ದೆ."

"ಹೇಳ್ಬೇಡ ಅಂದಿದ್ದು ಯಾರು, ಅಮ್ಮನಾ?"

"ಯಾರೂ ಅಲ್ಲ. ನಾನು ಹೋದ್ರೆ ಭಾನುವಾರ ನೀನು ಏನ್ ಮಾಡ್ತೀಯ ಅಂತ..."

ಗ್ಲೆಬ್‌ಗೆ, ಮಗಳು ತನ್ನ ಜೊತೆಗಿದ್ದ ಚಳಿಗಾಲದ ಅಷ್ಟೂ ಭಾನುವಾರಗಳು ಒಟ್ಟಿಗೇ ಕಣ್ಣಮುಂದೆ ಬಂದವು. ಹೋಟೆಲಿನಲ್ಲಿ ಬೇಯಿಸಿದ ಕಡುಬಿನ ಎರಡನೆಯ ತಟ್ಟೆಯನ್ನೂ ಖಾಲಿ ಮಾಡುತ್ತಿದ್ದಳು, ಅವನ ಹಳಸಲು ಜೋಕುಗಳಿಗೆ ಮೇಜು ಬಡಿದು ನಗುತ್ತಿದ್ದಳು. ಆ ನಗುವಿನಲ್ಲಿ ತನಗೋಸ್ಕರ ನಕ್ಕಿದ್ದೆಷ್ಟೋ, ಈಗ ಹೇಗೆ ತಿಳಿಯಬೇಕು?

ಎದ್ದು ಒಳಗೆ ಹೋದ.

ನೋಟರಿ ವಯಸ್ಸಾದ ಹೆಂಗಸು. ಹೆಸರು, ವಿಳಾಸ ಎಲ್ಲ ಟೈಪು ಮಾಡಿ, ಎಷ್ಟು ದಿನಕ್ಕೆ ಎಂದು ಕೇಳಿದಳು. ಒಂದು ವರ್ಷಕ್ಕೆ, ಮಾತಾಗಿದೆ ಎಂದು ಝಾನ್ನಾ ಅವಸರದಿಂದ ಹೇಳಿದಳು. ಅವನ ಮನಸ್ಸು ಬದಲಾದೀತೆಂಬ ಭಯ ಅವಳಿಗೆ.

"ಹದಿನೆಂಟು ತುಂಬೋವರೆಗೆ ಅಂತ ಬರೀರಿ," ಎಂದ ಗ್ಲೆಬ್.

ನೋಟರಿ ಕನ್ನಡಕ ತೆಗೆದಳು. "ಗ್ಲೆಬ್ ಅರ್ಕಾದ್ಯೆವಿಚ್, ಯೋಚನೆ ಮಾಡಿದೀರಾ? ಆಮೇಲೆ ಅವರು ನಿಮ್ಮನ್ನ ಕೇಳೋಕೆ ಬರಬೇಕಾಗೇ ಇಲ್ಲ."

"ಗೊತ್ತು. ಬರೀರಿ."

ಬರೆದದ್ದನ್ನು ಅವಳು ನಿಯಮದಂತೆ ಗಟ್ಟಿಯಾಗಿ ಓದಿದಳು. ನನ್ನ ಅಪ್ರಾಪ್ತ ಮಗಳು ತಾಯಿಯೊಂದಿಗೆ ವಿದೇಶದಲ್ಲಿ ವಾಸಿಸಲು ನನ್ನ ಆಕ್ಷೇಪಣೆ ಇರುವುದಿಲ್ಲ ಎಂಬಲ್ಲಿಗೆ ಬಂದಾಗ ಗ್ಲೆಬ್ ಕಿಟಕಿಯತ್ತ ತಿರುಗಿದ. ಹೊರಗೆ ಮಾರ್ಚಿನ ಹಿಮ ಕರಗಿ ಸೂರಿನಿಂದ ತೊಟ್ಟಿಕ್ಕುತ್ತಿತ್ತು. ಪೂರ್ತಿ ಹೆಸರು ಬರೆದು ಸಹಿ ಮಾಡಿದ. ಒತ್ತಿ ಬರೆದಿದ್ದರಿಂದ ಅಕ್ಷರಗಳು ಹಾಳೆಯ ಹಿಂಬದಿಯಲ್ಲೂ ಮೂಡಿದವು.

ಮೆಟ್ಟಿಲ ಬಳಿ ಝಾನ್ನಾ ಅವನ ತೋಳು ಹಿಡಿದು ನಿಲ್ಲಿಸಿದಳು. "ಯಾಕೆ ಗ್ಲೆಬ್? ಅವಳೇನಾದ್ರೂ ಹೇಳಿದ್ಲಾ?"

"ಏನೂ ಇಲ್ಲ. ನೀನೂ ಅವಳನ್ನ ಏನೂ ಕೇಳ್ಬೇಡ."

ಬಂದು ಹೋಗುತ್ತಿರು ಎಂದಳು. ಅವನು ತಲೆಯಾಡಿಸಿದ. ಗಡಿ ದಾಟುವ ಪಾಸ್‌ಪೋರ್ಟನ್ನು ಅವನು ಜನ್ಮದಲ್ಲಿ ಮಾಡಿಸಿದವನಲ್ಲ. ಮಾಡಿಸಿದರೂ ವೀಸಾ ಕೊಡುವವರು ಯಾರು? ಇಬ್ಬರಿಗೂ ಅದು ಗೊತ್ತಿತ್ತು. ಪತ್ರವನ್ನು ಇಂದೇ ಮುದ್ರೆಯೊತ್ತಿದ ಅಧಿಕೃತ ಭಾಷಾಂತರಕ್ಕೆ ಕೊಡಬೇಕೆಂದು, ತಾಸ್ಯಾಳನ್ನು ಮನೆಗೆ ಮುಟ್ಟಿಸಲು ಹೇಳಿ ಅವಳು ಹೊರಟಳು.

ಬಂದ ಟ್ರಾಮನ್ನು ಓಡಿಸುತ್ತಿದ್ದವಳು ಡಿಪೋದ ರಯೀಸಾ. ಕೈ ಬೀಸಿ ಹತ್ತಿಸಿಕೊಂಡಳು. ಗ್ಲೆಬ್ ಮಗಳನ್ನು ಕಿಟಕಿಯ ಬದಿಗೆ ಕೂರಿಸಿ, ತಾನು ಪಕ್ಕದಲ್ಲಿ ಕೂತ. ಎರಡು ನಿಲ್ದಾಣ ಹೋಗುವಷ್ಟರಲ್ಲಿ ತಾಸ್ಯಾ ಅವನ ತೋಳಿಗೊರಗಿ ನಿದ್ದೆಹೋದಳು. ಬೆಳಗಿನಿಂದ ಬಿಗಿಹಿಡಿದಿದ್ದ ಅವಳ ಮುಷ್ಟಿ ಮೆಲ್ಲಗೆ ಬಿಚ್ಚಿಕೊಂಡಿತು.

ಅವಳ ಮನೆಯ ನಿಲ್ದಾಣ ಬಂತು. ಬಾಗಿಲು ತೆರೆಯಿತು. ರಯೀಸಾ ಕನ್ನಡಿಯಲ್ಲಿ ಅವರಿಬ್ಬರನ್ನು ನೋಡಿ ಕಾದಳು. ಗ್ಲೆಬ್ ಅಲುಗದೆ, ಬೇಡವೆಂದು ಬೆರಳು ಮಾತ್ರ ಆಡಿಸಿದ. ಬಾಗಿಲು ಮುಚ್ಚಿಕೊಂಡಿತು. ಟ್ರಾಮು ಕರಗಿದ ಹಿಮದ ನೀರನ್ನು ಎರಡೂ ಬದಿಗೆ ಸರಿಸುತ್ತ ವೋಲ್ಗಾ ತೀರದ ಕಡೆಗೆ ಹೊರಳಿತು.