ಹಗ್ಗದಾಟ ಮತ್ತು ನಾಲ್ಕು ಮರಕುಟಿಗಗಳು

ಸ್ಪರ್ಧೆಯಲ್ಲಿ ಯಾವ ಕೃತಿ ನುಡಿಸಬೇಕೆಂದು ಮೇಷ್ಟ್ರ ಮನೆಯ ಮುಂಗೋಣೆಯಲ್ಲಿ ಒಂದು ಗಂಟೆಯಿಂದ ಪಂಚಾಯಿತಿ ನಡೆದಿತ್ತು. ಪಂಚರು ಮೂವರೇ: ಪಿಯಾನೊ ಮೇಷ್ಟ್ರು, ಹನ್ನೆರಡು ವರ್ಷದ ಹುಡುಗಿ, ಅವಳ ದೊಡ್ಡಮ್ಮ. ಗಾತ್ರದಲ್ಲೂ ಸಿಡಿಯುವುದರಲ್ಲೂ ಸಾಸಿವೆಯ ಹಾಗಿದ್ದುದರಿಂದ ಹುಡುಗಿಯನ್ನು ಎಲ್ಲರೂ ಸಾಸಿವೆ ಎಂದೇ ಕರೆಯುತ್ತಿದ್ದರು.

ಹೋದ ವರ್ಷ ಸಾಸಿವೆ ಒಂದು ಮೆತ್ತನೆಯ ಲಾಲಿ ನುಡಿಸಿದ್ದಳು. ಎಷ್ಟು ಚೆನ್ನಾಗಿ ನುಡಿಸಿದ್ದಳೆಂದರೆ, ತೀರ್ಪುಗಾರರಲ್ಲಿ ಒಬ್ಬರು ಕಣ್ಣು ಮುಚ್ಚಿದವರು ಚಪ್ಪಾಳೆಗೇ ತೆರೆದದ್ದು. ಎಂಟು ಮಕ್ಕಳಲ್ಲಿ ಏಳನೆಯ ಸ್ಥಾನ ಬಂತು. ಮೊದಲು ಬಂದವರಿಗೆ ವರ್ಷದ ಕೊನೆಗೆ ದೊಡ್ಡ ವಾದ್ಯವೃಂದದ ಜೊತೆ ನುಡಿಸುವ ಅವಕಾಶ ಸಿಗುತ್ತಿತ್ತು. ಸಾಸಿವೆಗೆ ಅದು ಬೇಕೇ ಬೇಕಿತ್ತು. ಮುಂದಿನ ವರ್ಷ ವಯಸ್ಸು ಮೀರುತ್ತಿತ್ತು.

“ಈ ಸಲ ಯಾರಿಗೂ ನಿದ್ದೆ ಬರ್ಸೋದು ಬೇಡ ಮೇಷ್ಟ್ರೇ. ನೋಡ್ದೋರು ಬಾಯಿ ಬಿಡ್ಬೇಕು, ಅಂಥದ್ದು ಕೊಡಿ,” ಎಂದಳು ಸಾಸಿವೆ.

ಮೇಷ್ಟ್ರು ಎರಡು ಪುಸ್ತಕ ತೆಗೆದಿಟ್ಟರು. ಒಂದರ ಹೆಸರು ‘ಮರಕುಟಿಗ’. ಅದರಲ್ಲಿ ಒಂದೇ ಸ್ವರವನ್ನು ಬೆರಳು ಬದಲಿಸುತ್ತ ಟಕಟಕನೆ ಕುಟ್ಟಬೇಕು, ಉಸಿರು ಬಿಡಲೂ ಪುರುಸೊತ್ತಿಲ್ಲ. ಇನ್ನೊಂದು ‘ಹಗ್ಗದಾಟ’. ಅದರಲ್ಲಿ ಎಡಗೈ ಬಲಗೈಯನ್ನು ದಾಟಿ ಹಾರಿ ಆ ತುದಿಯ ಸ್ವರ ಮುಟ್ಟಿ ಮತ್ತೆ ಈ ತುದಿಗೆ ಬರಬೇಕು.

“ಮರಕುಟಿಗ!” ಎಂದಳು ಸಾಸಿವೆ.

“ಹಗ್ಗದಾಟ,” ಎಂದಳು ದೊಡ್ಡಮ್ಮ. “ಇಷ್ಟುದ್ದದ ಹುಡುಗಿ ಅಷ್ಟುದ್ದ ಹಾರಿದ್ರೆ ಜನ ಕುರ್ಚಿ ತುದಿಗೆ ಬರ್ತಾರೆ ಕಣೇ.”

ಹೇಳಿದ್ದು ನಿಜ. ಆದರೆ ಹೇಳದೆ ಉಳಿಸಿಕೊಂಡ ಮಾತು ಬೇರೆ ಇತ್ತು. ದೊಡ್ಡಮ್ಮನ ಕಸುಬು ಪಿಯಾನೊ ಶ್ರುತಿ ಮಾಡುವುದು. ಸ್ಪರ್ಧೆ ನಡೆಯುವ ಸಭಾಂಗಣದ ಪಿಯಾನೊವನ್ನೂ ಹದಿನೆಂಟು ವರ್ಷದಿಂದ ಅವಳೇ ನೋಡಿಕೊಳ್ಳುತ್ತಿದ್ದಳು. ಅದರ ನಡುಭಾಗದ ಕೀಗಳು ತೇವಕ್ಕೆ ಬಿಗಿದುಕೊಂಡಿದ್ದವು. ಒತ್ತಿದರೆ ಇಳಿಯುತ್ತಿದ್ದವು, ಮೇಲೇಳಲು ಮಾತ್ರ ಸೋಮಾರಿ. ಅದರ ಮೇಲೆ ಟಕಟಕ ಕುಟ್ಟಿದರೆ ಮೂರರಲ್ಲಿ ಒಂದು ಸ್ವರ ನುಂಗಿಹೋಗುತ್ತಿತ್ತು. ಮೂರು ವರ್ಷದಿಂದ ಅಲ್ಲಿನ ಮ್ಯಾನೇಜರಿಗೆ ಹೇಳುತ್ತಲೇ ಇದ್ದಳು. “ಸದ್ದು ಬರುತ್ತಲ್ಲ ಬಿಡಿಯಮ್ಮ,” ಎನ್ನುವುದು ಅವರ ಉತ್ತರ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ ಎಂದು ಜನ ನಗುತ್ತಾರೆ. ಇಲ್ಲಿ ನೆಲ ನಿಜವಾಗಿಯೂ ಡೊಂಕು, ಮತ್ತು ಮ್ಯಾನೇಜರನ್ನು ಬಿಟ್ಟರೆ ಅದು ಗೊತ್ತಿದ್ದವಳು ದೊಡ್ಡಮ್ಮ ಒಬ್ಬಳೇ. ಹಾವೂ ಸಾಯಬೇಕು, ಕೋಲೂ ಮುರಿಯಬಾರದು ಎಂಬ ಲೆಕ್ಕ ಅವಳದು.

ಸಾಸಿವೆ ಮುಖ ಊದಿಸಿಕೊಂಡೇ ಒಪ್ಪಿದಳು. ಮೂರು ತಿಂಗಳು ಮನೆಯಲ್ಲಿ ಹಗ್ಗದಾಟವೇ ಹಗ್ಗದಾಟ. ಒಮ್ಮೆ ಹಾರುವ ಭರದಲ್ಲಿ ಮೊಣಕೈಯಿಂದ ತನ್ನ ಮೂಗಿಗೇ ಗುದ್ದಿಕೊಂಡಳು. ಇನ್ನೊಮ್ಮೆ ಸ್ಟೂಲಿನ ಸಮೇತ ಮಗುಚಿದಳು. “ಎಡಗೈ ಹಾರ್ಬೇಕು, ನೀನಲ್ಲ!” ಎಂದು ದೊಡ್ಡಮ್ಮ ಎಬ್ಬಿಸಿ ಕೂರಿಸಿದಳು. ಬರುಬರುತ್ತ ಹುಡುಗಿಯ ಊದಿದ ಮುಖ ಇಳಿಯಿತು.

ಸ್ಪರ್ಧೆಗೆ ನಾಲ್ಕು ದಿನವಿರುವಾಗ ಮ್ಯಾನೇಜರ ಫೋನು ಬಂತು.

“ಅಮ್ಮಾ, ಖುಷಿ ಸುದ್ದಿ! ಕೀ ರಿಪೇರಿಗೆ ಒಪ್ಪಿಗೆ ಸಿಕ್ತು. ನಾಳೆನೇ ಬಂದ್ಬಿಡಿ. ಮಕ್ಕಳು ಪಾಪ, ಒಳ್ಳೇ ಪಿಯಾನೊ ಮೇಲೆ ನುಡಿಸ್ಲಿ. ಈ ಸಲ ನಾಲ್ಕು ಜನ ಅದೇನೋ ಮರಕುಟಿಗ ನುಡಿಸ್ತಾರಂತೆ!”

ಮೂರು ವರ್ಷ ಮಲಗಿದ್ದ ಮನುಷ್ಯ ಎದ್ದ ಗಳಿಗೆ ನೋಡಿ! ದೊಡ್ಡಮ್ಮ ಆ ರಾತ್ರಿಯೇ ನಿರ್ಧರಿಸಿದಳು: ನಾಳೆ ಬರೀ ಶ್ರುತಿ ಮಾಡುವುದು, ಕೀ ಕೆಲಸಕ್ಕೆ ಎರಡು ದಿನ ಬೇಕು, ಸ್ಪರ್ಧೆ ಮುಗಿಯಲಿ ಎನ್ನುವುದು. ಸುಳ್ಳೂ ಅಲ್ಲ.

ಬೆಳಿಗ್ಗೆ ಖಾಲಿ ಸಭಾಂಗಣದಲ್ಲಿ ಪಿಯಾನೊ ಮುಚ್ಚಳ ತೆಗೆದು ಕೂತಳು. ಶ್ರುತಿ ಮುಗಿಯಿತು. ಹೊರಡಬೇಕೆಂದು ಚೀಲಕ್ಕೆ ಕೈ ಹಾಕಿದಳು. ಆ ಕೈ ಚೀಲದ ಬಾಯಿ ಕಟ್ಟಲಿಲ್ಲ, ಇಕ್ಕಳ ತೆಗೆಯಿತು. ಒಂದು ಕೀ ಮಾತ್ರ ನೋಡೋಣ ಎಂದುಕೊಂಡಳು. ಅದನ್ನು ಹೊರಗೆಳೆದು, ಅದರ ತಳದ ತೂತಿಗೆ ಅಂಟಿಸಿದ್ದ, ತೇವಕ್ಕೆ ಉಬ್ಬಿದ ಬಟ್ಟೆಯನ್ನು ಒತ್ತಿ ಸಡಿಲಿಸಿ, ಮತ್ತೆ ಕೂರಿಸಿ ಕುಟ್ಟಿದಳು. ಟಕಟಕಟಕ! ಮೂರಕ್ಕೆ ಮೂರೂ ನುಡಿದವು. ಅಕ್ಕಪಕ್ಕದವು ಸೋಮಾರಿಯಾಗಿರುವಾಗ ಅದೊಂದು ಚುರುಕಾದರೆ ಹಲ್ಲಿನ ಸಾಲಿನಲ್ಲಿ ಒಂದೇ ಹಲ್ಲು ಉಜ್ಜಿದಂತೆ. ಇನ್ನೊಂದು, ಮತ್ತೊಂದು ಎನ್ನುತ್ತ ಮರುದಿನ ಸಂಜೆಯ ಹೊತ್ತಿಗೆ ಎಲ್ಲವೂ ಮುಗಿದಿತ್ತು. ಹದಿನೆಂಟು ವರ್ಷದಲ್ಲಿ ಆ ಪಿಯಾನೊ ಇಷ್ಟು ಚೆನ್ನಾಗಿ ನುಡಿದಿರಲಿಲ್ಲ. ತನ್ನ ಕಾಲಿಗೆ ತಾನೇ ಕೊಡಲಿ ಹಾಕಿಕೊಂಡರೂ ಏಟು ನೆಟ್ಟಗೆ ಬಿದ್ದಿತ್ತು.

ಸೀದಾ ಮೇಷ್ಟ್ರ ಮನೆಗೆ ಹೋಗಿ, ಅಲ್ಲಿ ಅಭ್ಯಾಸಕ್ಕೆ ಕೂತಿದ್ದ ಸಾಸಿವೆಯ ಎದುರೇ ಎಲ್ಲವನ್ನೂ ಒಪ್ಪಿಕೊಂಡಳು.

ಸಾಸಿವೆ ಸಿಡಿದಳು. “ಅಂದ್ರೆ ನಾನು ಚೆನ್ನಾಗ್ ಹಾರ್ತೀನಿ ಅಂತ ಅಲ್ಲ, ಆ ಪಿಯಾನೊ ಕೆಟ್ಟಿದೆ ಅಂತ ಇದನ್ನ ಆರಿಸಿದ್ಯಾ ದೊಡ್ಡಮ್ಮಾ?”

“ಎರಡೂ ನಿಜ ಕಣೇ. ಬಾಯಿಬಿಟ್ಟು ಹೇಳಿದ್ದು ಒಂದೇ.”

“ಈಗ ಅದನ್ನ ಸರಿ ಮಾಡಿ ಬಂದ್ಯಲ್ಲ, ಯಾಕೆ?”

“ಕೈ ಕೇಳ್ಲಿಲ್ಲ.”

ಮೇಷ್ಟ್ರು ಕನ್ನಡಕ ಒರೆಸಿಕೊಂಡು, “ಕೃತಿ ಬದಲಾಯಿಸೋಕೆ ನಾಳೆವರೆಗೂ ಟೈಮಿದೆ ಮಗು. ಮರಕುಟಿಗ ನಿನಗೆ ಬರುತ್ತೆ, ಗೊತ್ತು. ಕದ್ದು ನುಡಿಸ್ತಿದ್ದೆ, ಕೇಳಿದ್ದೀನಿ,” ಎಂದರು.

ಸಾಸಿವೆ ದುರುಗುಟ್ಟಿ ನೋಡಿ, ಕೂತು ಮರಕುಟಿಗ ನುಡಿಸಿದಳು. ತಪ್ಪಿಲ್ಲದೆ ನುಡಿಸಿದಳು. ಆಮೇಲೆ ಹಗ್ಗದಾಟ ನುಡಿಸಿದಳು. ಎರಡು ಕಡೆ ತಪ್ಪಿದಳು. ಮೂಗು ತಿಕ್ಕಿಕೊಂಡಳು.

“ಹಗ್ಗದಾಟಾನೇ. ಮರಕುಟಿಗ ನುಡಿಸೋವಾಗ ಕುಟ್ಟಿದ್ದನ್ನ ಎಣಿಸ್ತಾ ಇರ್ತೀನಿ. ಇದ್ರಲ್ಲಿ ಎಣಿಸೋದೇ ಮರ್ತೋಗುತ್ತೆ. ದೊಡ್ಡಮ್ಮ ಹೇಳಿದ್ದಕ್ಕಲ್ಲ, ತಿಳೀತಾ?”

“ತಿಳೀತು ತಾಯಿ,” ಎಂದಳು ದೊಡ್ಡಮ್ಮ.

ಸ್ಪರ್ಧೆಯ ದಿನ ಸಾಸಿವೆಯ ಸರದಿ ಕೊನೆಯದು. ಅದಕ್ಕೆ ಮೊದಲು ನಾಲ್ಕೂ ಮರಕುಟಿಗಗಳು ಹಾರಿ ಬಂದವು. ಮೊದಲನೆಯದಕ್ಕೆ ಸಭೆ ಬೆರಗಾಯಿತು. ಒಂದು ಸ್ವರವೂ ನುಂಗಿಹೋಗಲಿಲ್ಲ. ದೊಡ್ಡಮ್ಮನ ಎದೆ ಕುಸಿಯುತ್ತಿತ್ತು, ಮುಖ ಮಾತ್ರ ಅರಳುತ್ತಿತ್ತು.

“ನೀನು ಯಾರ ಕಡೆ?” ಎಂದು ಸಾಸಿವೆ ಪಕ್ಕೆ ತಿವಿದಳು.

“ನಿನ್ನ ಕಡೆನೇ. ಕೀ ಮಾತ್ರ ನನ್ನವು.”

ಮೂರನೆಯದರ ಹೊತ್ತಿಗೆ ಜನ ಗಡಿಯಾರ ನೋಡತೊಡಗಿದರು. ನಾಲ್ಕನೆಯದಕ್ಕೆ ಹೋದ ವರ್ಷ ನಿದ್ದೆ ಮಾಡಿದ್ದ ತೀರ್ಪುಗಾರರು ಹಣೆ ಒತ್ತಿಕೊಳ್ಳುತ್ತಿದ್ದರು.

ಸಾಸಿವೆ ಹೋಗಿ ಕೂತಳು. ಕಾಲು ನೆಲಕ್ಕೆ ಸರಿಯಾಗಿ ತಾಗಲಿಲ್ಲ. ಎಡಗೈ ಮೊದಲ ಸಲ ಹಾರಿತು; ಮುಂದಿನ ಸಾಲಿನ ಅಜ್ಜಿಯೊಬ್ಬರು “ಅಯ್ಯೋ, ಬಿದ್ದಾಳು!” ಎಂದರು. ಬೀಳಲಿಲ್ಲ. ನಡುವೆ ಒಂದು ಕಡೆ ಬೆರಳು ಪಕ್ಕದ ಕೀಗೆ ತಾಗಿತು. ದೊಡ್ಡಮ್ಮನಿಗೆ ಕೇಳಿಸಿತು. ಹುಡುಗಿ ನಿಲ್ಲಲಿಲ್ಲ. ಕೊನೆಯಲ್ಲಿ ಮೇಲ್ತುದಿಯಿಂದ ಕೆಳತುದಿಗೆ ಒಂದೇ ನೆಗೆತ, ದಢ್! ಸಭೆಯೆಲ್ಲ ನಕ್ಕು ಚಪ್ಪಾಳೆ ಹೊಡೆಯಿತು.

ಫಲಿತಾಂಶ ಹೇಳಲು ನಿಂತವರು ಆ ತೀರ್ಪುಗಾರರೇ. “ಒಂದು ಸ್ವರ ತಪ್ಪಿತು ಮಗು, ಗಮನಿಸಿದೆವು. ಆದ್ರೆ ನಾಲ್ಕು ಮರಕುಟಿಗ ಕುಟ್ಟಿ ನಮ್ಮ ತಲೆಗೆ ತೂತು ಬಿದ್ದಿತ್ತು. ನೀನು ಬಂದು ಕಿಟಕಿ ತೆಗೆದೆ. ಮೊದಲ ಸ್ಥಾನ ನಿನಗೇ.”

ಮ್ಯಾನೇಜರು ಓಡಿ ಬಂದು ದೊಡ್ಡಮ್ಮನ ಕೈ ಕುಲುಕಿದರು. “ನೋಡಿದ್ರಾ? ಸಮಯಕ್ಕೆ ಸರಿಯಾಗಿ ರಿಪೇರಿ ಮಾಡಿಸಿದ್ದು ನಾನೇ!”

“ಹೌದು ಸ್ವಾಮಿ, ಸರಿಯಾದ ಸಮಯಕ್ಕೇ,” ಎಂದಳು ದೊಡ್ಡಮ್ಮ.

ಮೆಟ್ಟಿಲು ಇಳಿಯುವಾಗ ಸಾಸಿವೆ ಅವಳ ಕೈ ಹಿಡಿದು ಜಗ್ಗಿದಳು. “ವಾದ್ಯವೃಂದದ ಜೊತೆ ನುಡಿಸಿದ್ಮೇಲೆ ಜನ ಇನ್ನೊಂದು ಕೇಳಿದ್ರೆ ಮರಕುಟಿಗ ನುಡಿಸ್ತೀನಿ. ಬೇಡ ಅನ್ನೋಕೆ ಈಗ ನಿನ್ ಹತ್ರ ಯಾವ ನೆಪಾನೂ ಇಲ್ಲ.”

“ವರ್ಷದ ಕೊನೆಗಾ?” ದೊಡ್ಡಮ್ಮ ಲೆಕ್ಕ ಹಾಕಿದಳು. “ಇಬ್ಬನಿ ಬೀಳೋ ಕಾಲ, ತೇವ. ಹಿಂದಿನ ದಿನ ಬಂದು ಒಂದ್ಸಲ ಕೀ ನೋಡ್ಬೇಕು.”