ಮೂರು ಬಾಲದ ಹುಳವಿದ್ದ ಭರಣಿ

ನಾನು ಒಂದು ಗಾಜಿನ ಭರಣಿ. ಮರಳನ್ನು ಬೆಂಕಿಯಲ್ಲಿ ಕರಗಿಸಿ, ಕೊಳವೆಯಲ್ಲಿ ಊದಿ ನನ್ನನ್ನು ಮಾಡಿದರು. ಹಾಗಾಗಿ ನನ್ನೊಳಗೆ ಮೊದಲು ತುಂಬಿದ್ದು ಯಾರದೋ ಉಸಿರು. ಆಮೇಲೆ ಗುರುಬಸಪ್ಪನವರ ಅಂಗಡಿಯಲ್ಲಿ ಹದಿನೆಂಟು ವರ್ಷ ಪೆಪ್ಪರಮೆಂಟು ತುಂಬಿಕೊಂಡಿದ್ದೆ. ಮಕ್ಕಳು ಬೆರಳು ತೋರಿಸಿದರೆ ಸಾಕು, ಏನು ಬೇಕೆಂದು ಗುರುಬಸಪ್ಪನವರಿಗೆ ತಿಳಿಯುತ್ತಿತ್ತು. ಮಾತೇ ಬೇಕಿರಲಿಲ್ಲ. ಅಂಗಡಿ ಮುಚ್ಚಿದ ಮೇಲೆ ಹೈಸ್ಕೂಲಿನ ಬಿಸಿಯೂಟದ ಕೋಣೆಗೆ ಬಂದೆ. ಅಲ್ಲಿ ತುಂಬಿದ್ದ ಉಪ್ಪಿನಕಾಯಿಯ ವಾಸನೆ ಹೋಗುವ ಮೊದಲೇ ಅನಸೂಯಾ ಟೀಚರ್ ನನ್ನನ್ನು ತೊಳೆದು ವಿಜ್ಞಾನದ ಕೋಣೆಗೆ ಒಯ್ದರು.

ಅಲ್ಲಿ ನಡೆದದ್ದು ನನಗೆ ಇವತ್ತಿಗೂ ಸರಿಯಾಗಿ ಅರ್ಥವಾಗಿಲ್ಲ.

ಊರ ಕೆರೆ ಕೆಟ್ಟಿದೆ, ಮೀನು ಹಿಡಿಯುವುದನ್ನು ನಿಲ್ಲಿಸಬೇಕು ಎಂದು ಪಂಚಾಯಿತಿಯಲ್ಲಿ ಮಾತು ಎದ್ದಿತ್ತು. ಒಂಬತ್ತನೇ ತರಗತಿಯವರು ಕೆರೆ ನೋಡಿ ಬಂದು ಎರಡೆರಡು ನಿಮಿಷ ಮಾತಾಡಬೇಕು, ಹೆಚ್ಚು ಅಂಕ ಬಂದವರು ಗ್ರಾಮಸಭೆಯಲ್ಲಿ ಹೇಳಬೇಕು ಎಂದರು ಟೀಚರ್. ಕೈಯಲ್ಲಿದ್ದ ಅಂಕದ ಹಾಳೆಯನ್ನು ಓದಿ ಹೇಳಿದರು. ದನಿಗೆ ಇಷ್ಟು, ಎದುರಿಗಿರುವವರ ಕಣ್ಣು ನೋಡುವುದಕ್ಕೆ ಇಷ್ಟು. ದನಿಗೆ ಅಂಕ ಸರಿ, ಕಣ್ಣಿಗೂ ಅಂಕವೇ ಎಂದು ನಾನು ಗೊಂದಲಕ್ಕೆ ಬಿದ್ದೆ.

ನಮ್ರತಾ ಎಂಬ ಹುಡುಗಿ ಮಾಲಿನ್ಯದ ಬಗ್ಗೆ ಒಂದೇ ಉಸಿರಿಗೆ ಹೇಳಿದಳು. ಎಲ್ಲರ ಕಣ್ಣು ನೋಡಿದಳು, ನನ್ನನ್ನೊಂದು ಬಿಟ್ಟು. ಚಪ್ಪಾಳೆ ಬಿತ್ತು.

ಬಳಿಕ ಹುಲಿಗೆಮ್ಮ ಬಂದಳು. ಅವಳಪ್ಪ ಅದೇ ಕೆರೆಯಲ್ಲಿ ಬಲೆ ಹಾಕುವವನು. ನನ್ನಲ್ಲಿ ಕೆರೆಯ ನೀರು ತುಂಬಿ ತಂದವಳೂ ಅವಳೇ. ತರಗತಿಗೆ ಬೆನ್ನು ಹಾಕಿ, ಕಿಟಕಿಯಲ್ಲಿದ್ದ ನನ್ನತ್ತ ಬಗ್ಗಿ ಮಾತು ಶುರುಮಾಡಿದಳು.

"ಟೀಚರ್, ಆಕಿ ಭರಣಿ ಜೋಡಿ ಮಾತಾಡಾಕತ್ತಾಳ್ರಿ!" ಹಿಂದಿನ ಬೆಂಚು ನಕ್ಕಿತು.

"ಹುಲಿಗೆಮ್ಮ, ನಮ್ ಕಡೆ ತಿರುಗಿ ಹೇಳವಾ," ಎಂದರು ಟೀಚರ್.

ತಿರುಗಿದಳು. ಮಾತು ನಿಂತೇ ಹೋಯಿತು. "ಅದನ್ನ ನೋಡದಂಗ ಹೆಂಗ ಹೇಳ್ಲಿರಿ?" ಎಂದಳು ಕೊನೆಗೆ.

ಟೀಚರ್ ಹಾಳೆ ನೋಡಿದರು, ಅವಳನ್ನು ನೋಡಿದರು. ಅವರಿಗೂ ನನ್ನ ಹಾಗೆಯೇ ಗೊಂದಲವಾಗಿತ್ತೇನೋ. ಆಮೇಲೆ ಎದ್ದು ನನ್ನನ್ನು ಕೋಣೆಯ ನಡುವೆ ತಂದಿಟ್ಟರು. "ಎಲ್ಲಾರೂ ಇದರ ಸುತ್ತ ಕುಂದರ್ರಿ."

ಬೆಂಚುಗಳು ಸರಿದವು. ನನ್ನ ಗಾಜಿಗೆ ಎಲ್ಲ ಕಡೆಯಿಂದಲೂ ಕಣ್ಣು.

"ಈ ಮೂರು ಬಾಲದ ಹುಳ ನೋಡ್ರಿ," ಎಂದಳು ಹುಲಿಗೆಮ್ಮ. "ಕೆಟ್ಟ ನೀರಾಗ ಇದು ಬಾಳಂಗಿಲ್ಲ. ಗಟಾರದ ಹೊಲಸು ನೀರು ಬಂದು ಕೂಡೋ ಮೂಲ್ಯಾಗ ಇದು ಇಲ್ಲ, ಬರೇ ಕೆಂಪು ಹುಳ ಅದಾವ. ಕೆರಿ ಪೂರಾ ಕೆಟ್ಟಿಲ್ರಿ. ಗಟಾರ ತಿರುಗಿಸಿದ್ರ ಬದುಕತೈತಿ."

"ನಿನಗ ಯಾರು ಹೇಳಿದ್ರು?" ಎಂದಳು ನಮ್ರತಾ.

"ಯಾರ್ ಹೇಳ್ಬೇಕು? ಬಲ್ಯಾಗಿನ ಪಾಚಿ, ಹುಳ ದಿನಾ ಬಿಡಸಾಕಿ ನಾನ!"

ಟೀಚರ್ ಹಾಳೆಯಲ್ಲಿ ಏನೋ ಬರೆದರು, ಹೊಡೆದುಹಾಕಿದರು, ಮತ್ತೆ ಬರೆದರು. ನನಗೆ ಓದು ಬಾರದು. ಅಂಕ ಎಷ್ಟೋ ತಿಳಿಯಲಿಲ್ಲ. ಶನಿವಾರ ಹುಲಿಗೆಮ್ಮ ನನ್ನನ್ನು ಎದೆಗವಚಿಕೊಂಡು ಗ್ರಾಮಸಭೆಗೆ ನಡೆದಳು. ಮುಚ್ಚಳ ಹಿಡಿದು ನಮ್ರತಾ ಜೊತೆಗೆ ಬಂದಳು. ಅಧ್ಯಕ್ಷರು ಕನ್ನಡಕ ಏರಿಸಿ ನನ್ನೊಳಗೆ ಬಗ್ಗಿ ನೋಡಿದರು. ಗಟಾರ ತಿರುಗುವುದಕ್ಕೆ ಎರಡು ಮಳೆಗಾಲ ಹಿಡಿಯಿತು. ಬಲೆ ಮಾತ್ರ ಒಂದು ದಿನವೂ ನಿಲ್ಲಲಿಲ್ಲ.

ಈಗ ನನ್ನ ಬಾಯಿಯ ಅಂಚು ಒಡೆದಿದೆ. ಸೀಮೆಸುಣ್ಣದ ತುಂಡುಗಳನ್ನು ತುಂಬಿಕೊಂಡು ಕಪಾಟಿನ ಮೂಲೆಯಲ್ಲಿ ಕೂತಿದ್ದೇನೆ. ಹುಲಿಗೆಮ್ಮ ಅಂದು ಮಾತಾಡಿದ್ದು ಹುಳದ ಜೊತೆಗೋ, ಜನರ ಜೊತೆಗೋ? ಅಂಕ ಬಿದ್ದದ್ದು ಯಾವುದಕ್ಕೆ? ಎಷ್ಟು ಯೋಚಿಸಿದರೂ ತಿಳಿಯದು. ಆದರೆ ಮಾತಿನ ಪರೀಕ್ಷೆ ಬಂತೆಂದರೆ ಟೀಚರ್ ಈಗಲೂ ಮೊದಲು ಬೆಂಚುಗಳನ್ನು ಸುತ್ತ ಎಳೆಸುತ್ತಾರೆ. ನಡುವೆ ಒಂದು ಭರಣಿಯಷ್ಟು ಜಾಗ ಬಿಡುತ್ತಾರೆ.